ಉಳಿದ ಅನ್ನ, ಉಳಿಯದ ಕೂಲಿ

ಅನ್ನದಾನ ದೊಡ್ಡ ವಿಷಯ. ಒಂದು ಗಂಟೆಗೆ ಒಗ್ಗುವಂತೆ ಅದನ್ನು ಕಿರಿದು ಮಾಡಿಕೊಂಡಿದ್ದೇನೆ. ಬೆಂಗಳೂರಿನ ಛತ್ರಗಳಲ್ಲಿ ಉಳಿಯುವ ಊಟ, ಅದನ್ನು ಒಯ್ದು ಹಂಚುವವರು, ತಿಂಗಳ ಕೊನೆಗೆ ಕೈ ಬರಿದಾಗುವ ದುಡಿಯುವ ಜನ: ಇವತ್ತಿನ ಮಾತು ಇಷ್ಟರ ಬಗ್ಗೆ.

2012ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ನಗರದ 75 ಕಲ್ಯಾಣ ಮಂಟಪಗಳನ್ನು ನೋಡಿ ಬಂದು ಒಂದು ಲೆಕ್ಕ ಕೊಟ್ಟರು. ಮದುವೆಗಳಲ್ಲಿ ವರ್ಷಕ್ಕೆ ಹಾಳಾಗುವ ಒಳ್ಳೆಯ ಆಹಾರ 943 ಟನ್. ಕಾರಣ ನಮಗೆಲ್ಲ ಗೊತ್ತಿರುವುದೇ. ಕೊನೆಯ ಪಂಕ್ತಿಗೆ ಪಾಯಸ ಸಾಲದೆ ಹೋದರೆ ಹೆಣ್ಣಿನ ಕಡೆಯವರ ಮರ್ಯಾದೆ ಹೋಯಿತು ಅನ್ನುತ್ತೇವೆ. ಮಿಕ್ಕು ಚೆಲ್ಲಿದರೆ ಯಾರೂ ಏನೂ ಅನ್ನುವುದಿಲ್ಲ.

ಛತ್ರದಲ್ಲಿ ಉಳಿಯುವ ಊಟ ಎರಡು ಬಗೆಯದು. ಎಲೆಯಲ್ಲಿ ಬಿಟ್ಟದ್ದು ಯಾರಿಗೂ ಸಲ್ಲುವುದಿಲ್ಲ. ಅಡುಗೆಮನೆಯ ಪಾತ್ರೆಯಲ್ಲಿ ಮುಟ್ಟದೆ ಉಳಿದದ್ದನ್ನು ಮಾತ್ರ ಸ್ವಯಂಸೇವಕರು ಒಯ್ಯುತ್ತಾರೆ. ಅಡುಗೆ ಭಟ್ಟರ ಹತ್ತಿರ ಅವರು ಮೊದಲು ಕೇಳುವುದು ಎಷ್ಟು ಉಳಿದಿದೆ ಅಂತ ಅಲ್ಲ, ಎಷ್ಟು ಹೊತ್ತಿಗೆ ಇಳಿಸಿದ್ದು ಅಂತ. ಮುಚ್ಚಳ ತೆಗೆದು ಮೂಸುತ್ತಾರೆ. ಬಿಸಿ ಆರಿದೆಯೇ ನೋಡುತ್ತಾರೆ. ಕಾಯಿತುರಿ ಬಿದ್ದ ಕೋಸಂಬರಿ, ಚಟ್ನಿ, ಮಜ್ಜಿಗೆಹುಳಿ ಸಂಜೆಯವರೆಗೆ ತಡೆಯುವುದಿಲ್ಲವೆಂದು ಪಕ್ಕಕ್ಕೆ ಸರಿಸುತ್ತಾರೆ. ಪುಳಿಯೋಗರೆ, ಪಲಾವು, ಲಾಡು ಗಾಡಿ ಹತ್ತುತ್ತವೆ. ಈ ಕೆಲಸಕ್ಕೆ ಈಗ ಕಾನೂನಿನ ಚೌಕಟ್ಟೂ ಇದೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಉಳಿದ ಆಹಾರದ ಸಂಗ್ರಹ ಮತ್ತು ಹಂಚಿಕೆಗೆಂದೇ 2019ರಲ್ಲಿ ನಿಯಮ ಮಾಡಿತು. 2020ರ ಜುಲೈ 1ರಿಂದ ಅದು ಜಾರಿಗೆ ಬಂತು. ಯಾವ ಪದಾರ್ಥ, ಎಲ್ಲಿಯದು, ಯಾವಾಗ ಮಾಡಿದ್ದು, ಯಾವಾಗಿನವರೆಗೆ ತಿನ್ನಬಹುದು ಎಂಬ ಚೀಟಿ ಡಬ್ಬದ ಮೇಲಿರಬೇಕು. ಬಡವರ ಹೊಟ್ಟೆಗೂ ಅದೇ ಸುರಕ್ಷತೆ ಬೇಕೆಂದು ಒಪ್ಪಿಕೊಂಡ ನಿಯಮ ಇದು. ಒಳ್ಳೆಯದಾಯಿತು.

ಆದರೆ ಒಂದು ತೊಡಕಿದೆ. ಆರತಕ್ಷತೆಯ ಊಟ ಮುಗಿದು ಫೋನು ಬರುವುದು ರಾತ್ರಿ ಹತ್ತೂವರೆ, ಹನ್ನೊಂದಕ್ಕೆ. ಬೆಳಗಿನ ಜಾವ ಎದ್ದು ನೀರು ಹಿಡಿದು, ಡಬ್ಬಿ ಕಟ್ಟಿ ಗಾರ್ಮೆಂಟ್ಸಿಗೆ ಓಡಬೇಕಾದ ಹೆಂಗಸು ಅಷ್ಟು ಹೊತ್ತಿಗೆ ಮಲಗಿರುತ್ತಾಳೆ. ಅವಳ ಮನೆಯ ಬಾಗಿಲು ಬಡಿದು ಬಿಸಿಬೇಳೆಬಾತ್ ಕೊಡಲು ಆಗುತ್ತದೆಯೇ? ಹಾಗಾಗಿ ಆ ಊಟ ಬಸ್ ನಿಲ್ದಾಣ, ಆಸ್ಪತ್ರೆಯ ಅಂಗಳ, ಅನಾಥಾಲಯದ ದಾರಿ ಹಿಡಿಯುತ್ತದೆ. ಅಲ್ಲಿಯೂ ಹಸಿದವರಿದ್ದಾರೆ, ಸರಿ. ಆದರೆ ದುಡಿದೂ ಅರೆಹೊಟ್ಟೆಯಲ್ಲಿರುವವರಿಗೆ ಅದು ಸಿಗುವುದು ಅಪರೂಪ. ಇನ್ನೊಂದು ತೊಡಕು ಪಂಚಾಂಗದ್ದು. ವೈಶಾಖದಲ್ಲಿ ಒಂದೇ ದಿನ ನೂರಾರು ಲಗ್ನ, ಹಂಚುವವರ ಗಾಡಿ ಸಾಲದು. ಆಷಾಢ ಬಂದರೆ ಛತ್ರಗಳಿಗೆ ಬೀಗ. ಹಸಿವಿಗೆ ಆಷಾಢವಿಲ್ಲವಲ್ಲ!

ಉಳಿದ ಅನ್ನದ ಮಾತು ಬಂದಾಗ ನನಗೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ನೆನಪಾಗುತ್ತಾರೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಬೇಕಾದ್ದಕ್ಕಿಂತ ಹೆಚ್ಚು ತಂದ. ಹೆಚ್ಚಿನದನ್ನು ಮರಳಿ ಹಾಕಿ ಬಾ ಎಂದು ಲಕ್ಕಮ್ಮ ಕಳಿಸಿದಳು. ಈ ಕಥೆಯನ್ನು ಬಡವರಿಗೆ ಸಂತೃಪ್ತಿಯ ಪಾಠ ಹೇಳಲು ಬಳಸುವವರಿದ್ದಾರೆ. ನನಗೆ ಕಾಣುವುದು ಬೇರೆ. ಆಯ್ದ ಅಕ್ಕಿ ಆ ಮನೆಯಲ್ಲಿ ಭಿಕ್ಷೆಯಾಗಿರಲಿಲ್ಲ, ದುಡಿಮೆಯ ಫಲವಾಗಿತ್ತು. ಅದರಿಂದಲೇ ಅವರು ದಾಸೋಹವನ್ನೂ ಮಾಡಿದರು. ಬೇಡ ಎನ್ನುವ ಅಧಿಕಾರ ಲಕ್ಕಮ್ಮನಿಗೆ ಬಂದದ್ದು ಆ ಕಾಯಕದಿಂದ. ಶರಣರಲ್ಲಿ ಕಾಯಕ ಮೊದಲು, ದಾಸೋಹ ಆಮೇಲೆ. ನಾವು ದಾಸೋಹವನ್ನು ಉಳಿಸಿಕೊಂಡು ಕಾಯಕಕ್ಕೆ ಸಲ್ಲಬೇಕಾದ್ದನ್ನು ಮರೆತಿದ್ದೇವೆ.

ಹಾಗಾದರೆ ಕಾಯಕಕ್ಕೆ ಸಲ್ಲಬೇಕಾದ್ದು ಎಷ್ಟು? ಈ ಪ್ರಶ್ನೆಗೆ ನಮ್ಮ ದೇಶ ಬಹಳ ಹಿಂದೆಯೇ ಉತ್ತರ ಬರೆದಿಟ್ಟಿದೆ. 1957ರಲ್ಲಿ ದೆಹಲಿಯಲ್ಲಿ ಸೇರಿದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ವೇತನದ ಲೆಕ್ಕವನ್ನು ಊಟದಿಂದಲೇ ಶುರು ಮಾಡಿತು. ಪೋಷಣಾ ತಜ್ಞ ಅಯ್ಕ್ರಾಯ್ಡ್ ಹೇಳಿದ್ದ ಪ್ರಮಾಣದಂತೆ ವಯಸ್ಕರಿಗೆ ದಿನಕ್ಕೆ 2,700 ಕ್ಯಾಲೊರಿ, ಒಬ್ಬ ದುಡಿಯುವವನಿಗೆ ಬಳಕೆಯ ಲೆಕ್ಕದಲ್ಲಿ ಮೂರು ಘಟಕದ ಸಂಸಾರ, ನಾಲ್ಕು ಜನಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ ಮತ್ತು ದೀಪ. 1991ರಲ್ಲಿ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಮತ್ತೊಂದನ್ನು ಸೇರಿಸಿತು: ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪು ಇವುಗಳಿಗಾಗಿ ಕನಿಷ್ಠ ವೇತನದಲ್ಲಿ ಶೇ 25ರಷ್ಟು ಪಾಲಿರಬೇಕು. ಹಬ್ಬ ಮಾಡುವುದೂ ಕಾರ್ಮಿಕರ ಹಕ್ಕು ಎಂದು ಕೋರ್ಟು ಹೇಳಿತು ಅನ್ನುವುದನ್ನು ಗಮನಿಸಿ.

ಈಗ ಬಾಡಿಗೆಯ ಒಂದು ಕೋಣೆಯಲ್ಲಿ ಸಂಬಳದ ದಿನ ಏನಾಗುತ್ತದೆ ನೋಡಿ. ಬಾಡಿಗೆ ನಿಲ್ಲುವುದಿಲ್ಲ. ಸ್ಕೂಲ್ ಫೀಸು ನಿಲ್ಲುವುದಿಲ್ಲ. ಸಂಘದ ಸಾಲದ ಕಂತು, ಚೀಟಿ ದುಡ್ಡು ಯಾವುದೂ ಕಾಯುವುದಿಲ್ಲ. ಯಾರೂ ಬಂದು ಬಾಗಿಲಲ್ಲಿ ನಿಂತು ಕೇಳದ ಖರ್ಚು ಊಟ ಒಂದೇ. ಆದ್ದರಿಂದ ಕತ್ತರಿ ಅಲ್ಲಿಗೇ ಬೀಳುತ್ತದೆ. ಮೊದಲು ಹಾಲು, ಆಮೇಲೆ ಮೊಟ್ಟೆ, ಆಮೇಲೆ ಬೇಳೆ. ಇಪ್ಪತ್ತನೇ ತಾರೀಖಿನ ಸಾರು ತೆಳ್ಳಗಾಗುವುದು ಹೀಗೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದಾಗ ಅನ್ನ ಕೊಡಿ ಎಂದು ಕೇಳಲಿಲ್ಲ. ತಮ್ಮ ಪಿಎಫ್ ಹಣಕ್ಕೆ 58 ವರ್ಷದವರೆಗೆ ಬೀಗ ಹಾಕಬೇಡಿ ಎಂದು ಕೇಳಿದರು. ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು.

ಹೊರದೇಶದ ಅನುಭವದಲ್ಲೂ ನಮಗೆ ಎಚ್ಚರಿಕೆಯಿದೆ. ಮೊದಲ ಫುಡ್ ಬ್ಯಾಂಕ್ ಹುಟ್ಟಿದ್ದು 1967ರಲ್ಲಿ, ಅಮೆರಿಕದ ಫೀನಿಕ್ಸ್ ನಗರದಲ್ಲಿ. ಅಂಗಡಿಗಳು ಎಸೆಯುವ ಒಳ್ಳೆಯ ಆಹಾರವನ್ನು ಜಾನ್ ವಾನ್ ಹೆಂಗೆಲ್ ಎಂಬವರು ಕೂಡಿಡಲು ತೊಡಗಿದರು. ಬ್ರಿಟನ್ನಿನಲ್ಲಿ ಟ್ರಸೆಲ್ ಸಂಸ್ಥೆಯ ಮೊದಲ ಫುಡ್ ಬ್ಯಾಂಕ್ 2000ದಲ್ಲಿ ಸಾಲ್ಸ್‌ಬರಿಯಲ್ಲಿ ಶುರುವಾಯಿತು. 2023-24ರ ಒಂದೇ ವರ್ಷದಲ್ಲಿ ಅದರ ಜಾಲ ಹಂಚಿದ ಪೊಟ್ಟಣಗಳು 31 ಲಕ್ಷಕ್ಕೂ ಹೆಚ್ಚು. ಅವನ್ನು ಪಡೆದವರಲ್ಲಿ ಕೆಲಸದಲ್ಲಿರುವವರ ಮನೆಗಳೂ ಇದ್ದವು. ದಾನ ಬೆಳೆಯಿತು, ಸರತಿ ಸಾಲೂ ಬೆಳೆಯಿತು. ಉಳಿದ ಆಹಾರ ಹಂಚುವುದರಿಂದ ಹಂಚುವವರ ವ್ಯವಸ್ಥೆ ಗಟ್ಟಿಯಾಗಬಹುದು, ಕೂಲಿ ಗಟ್ಟಿಯಾಗುವುದಿಲ್ಲ.

ಹಾಗೆಂದು ಎಲ್ಲ ನೆರವೂ ಒಂದೇ ಬಗೆಯದಲ್ಲ. ನ್ಯಾಯಬೆಲೆ ಅಂಗಡಿಯ ಅಕ್ಕಿ 2013ರ ಆಹಾರ ಭದ್ರತಾ ಕಾಯ್ದೆಯ ಹಕ್ಕು. ಅದಕ್ಕೆ ಯಾರ ಮನೆಯ ಮದುವೆಯೂ ಮುಗಿಯಬೇಕಾಗಿಲ್ಲ. 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿಗೆ 5, ಊಟಕ್ಕೆ 10 ರೂಪಾಯಿ ಇಟ್ಟರು. ದುಡ್ಡು ಕೊಟ್ಟು ಟೋಕನ್ ಪಡೆದ ಆಟೋ ಚಾಲಕ ಅಲ್ಲಿ ಗಿರಾಕಿ. ಸಾಂಬಾರು ಸಪ್ಪೆಯಾಗಿದ್ದರೆ ಸಪ್ಪೆ ಎಂದು ದೂರುತ್ತಾನೆ. ದಾನದ ಊಟಕ್ಕೆ ಹೆಸರಿಡುವ ಧೈರ್ಯ ಯಾರಿಗಿದೆ?

ಉಳಿದ ಊಟ ಹಂಚುವುದನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ತಿನ್ನುವ ಅನ್ನ ತಿಪ್ಪೆಗೆ ಹೋಗುವುದು ತಪ್ಪೇ. ನಿಮ್ಮಲ್ಲಿ ನನ್ನದು ಎರಡು ಕೋರಿಕೆ. ನಿಮ್ಮ ಮನೆಯ ಮುಂದಿನ ಮದುವೆಯಲ್ಲಿ ಉಳಿದದ್ದನ್ನು ಒಯ್ಯುವವರಿಗೆ ರಾತ್ರಿ ಹನ್ನೊಂದಕ್ಕಲ್ಲ, ಹಿಂದಿನ ದಿನವೇ ಹೇಳಿಡಿ. ಅದೇ ಮದುವೆಯಲ್ಲಿ ಎಲೆ ಎತ್ತುವ, ಪಾತ್ರೆ ತೊಳೆಯುವ, ಬಡಿಸುವ ಜನಕ್ಕೆ ದಿನಕ್ಕೆ ಎಷ್ಟು ಕೂಲಿ ಎಂದು ಕೇಟರಿಂಗಿನವರನ್ನು ಕೇಳಿ, ಅದು ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನಕ್ಕಿಂತ ಕಡಿಮೆಯಿದ್ದರೆ ಒಪ್ಪಂದ ಮಾಡಿಕೊಳ್ಳಬೇಡಿ. ಅನ್ನದಾನ ದೊಡ್ಡದು ಎನ್ನುವ ನಾವು, ಅನ್ನ ಬೇಯಿಸಿ ಬಡಿಸಿದವರಿಗೆ ಸಲ್ಲಬೇಕಾದ ಕೂಲಿಯನ್ನು ಮೊದಲು ಸಲ್ಲಿಸೋಣ.