ಬಿಸಿಲಿನ ಬಲದ ದೋಣಿ

ಕೇರಳದ ವೆಂಬನಾಡು ಸರೋವರದಲ್ಲಿ, ವೈಕಂ ಮತ್ತು ತವಣಕ್ಕಡವು ನಡುವೆ, 2017ರ ಜನವರಿಯಿಂದ ‘ಆದಿತ್ಯ’ ಎಂಬ ದೋಣಿ ಸಂಚರಿಸುತ್ತಿದೆ. ಕೊಚ್ಚಿಯ ನವಾಲ್ಟ್ ಸಂಸ್ಥೆ ಕಟ್ಟಿದ ಈ ದೋಣಿಯಲ್ಲಿ 75 ಮಂದಿ ಕೂರುತ್ತಾರೆ. ಡೀಸೆಲ್ ಹೊಗೆಯಿಲ್ಲ, ಎಂಜಿನ್ನಿನ ಗಡಗಡ ಇಲ್ಲ. ಚಾವಣಿಯ ಸೌರಫಲಕಗಳ ಒಟ್ಟು ಸಾಮರ್ಥ್ಯ 20 ಕಿಲೋವಾಟ್, ಅಂದರೆ ಸುಮಾರು 27 ಅಶ್ವಶಕ್ತಿ. ಒಂದು ಸಣ್ಣ ಟ್ರ್ಯಾಕ್ಟರಿನ ಎಂಜಿನ್ನಿನಷ್ಟೇ. ಇಷ್ಟು ಅಲ್ಪ ಬಲದಲ್ಲಿ 20 ಮೀಟರ್ ಉದ್ದದ ದೋಣಿ ಸಾಗುವ ಗುಟ್ಟು ಬಹುಪಾಲು ಅದರ ಒಡಲಿನಲ್ಲಿದೆ.

ಸಣ್ಣ ದೋಣಿ ಕಟ್ಟುವವರೂ ಬಿಸಿಲಿನಿಂದ ಎಷ್ಟು ಬಲ ಸಿಗುತ್ತದೆ ಎಂಬ ಲೆಕ್ಕದಿಂದಲೇ ಶುರುಮಾಡಬೇಕು. ನಡುಹಗಲಿನ ನಿಚ್ಚಳ ಬಿಸಿಲು ಒಂದು ಚದರ ಮೀಟರಿನ ಮೇಲೆ ಸುಮಾರು 1000 ವಾಟ್ ಸುರಿಯುತ್ತದೆ. ಒಳ್ಳೆಯ ಸಿಲಿಕಾನ್ ಫಲಕ ಅದರ ಐದರಲ್ಲೊಂದು ಪಾಲನ್ನು ವಿದ್ಯುತ್ತಾಗಿಸುತ್ತದೆ. ಐದು ಮೀಟರ್ ಉದ್ದದ ದೋಣಿಯ ಚಪ್ಪರದ ಮೇಲೆ ಐದು ಚದರ ಮೀಟರ್ ಫಲಕ ಹಾಸಿದರೆ ಸಿಗುವುದು ಹೆಚ್ಚೆಂದರೆ ಒಂದು ಕಿಲೋವಾಟ್. ಫಲಕ ಕಾದಂತೆ ಅದರಲ್ಲೂ ಹತ್ತರಲ್ಲೊಂದು ಪಾಲು ಸೋರಿಹೋಗಬಹುದು. ಕಂಬದ ತೆಳು ನೆರಳು ಬಿದ್ದರೂ ಉತ್ಪಾದನೆ ಥಟ್ಟನೆ ಕುಸಿಯುತ್ತದೆ.

ಸಿಕ್ಕಿದ್ದರಲ್ಲೇ ಸಂಸಾರ ತೂಗಿಸಬೇಕು. ಇಲ್ಲಿ ನೀರಿನ ಸ್ವಭಾವ ತಿಳಿದಿರಬೇಕಾಗುತ್ತದೆ. ವೇಗ ಎರಡು ಪಟ್ಟಾದರೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಎಂಟು ಪಟ್ಟಾಗುತ್ತದೆ. ಒಂದು ದೋಣಿಗೆ ಗಂಟೆಗೆ 9 ಕಿಲೋಮೀಟರ್ ವೇಗಕ್ಕೆ 1000 ವಾಟ್ ಬೇಕೆನ್ನೋಣ. 6 ಕಿಲೋಮೀಟರಿಗೆ ಇಳಿಸಿದರೆ 300 ವಾಟ್ ಸಾಕು. ನಡುಹಗಲಲ್ಲಿ ಉಳಿದದ್ದೆಲ್ಲ ಬ್ಯಾಟರಿಗೆ.

ಆದ್ದರಿಂದಲೇ ಒಡಲು ಹಗುರವಾಗಿ, ಉದ್ದವಾಗಿ, ಕಿರಿದಾಗಿ ಇರಬೇಕು. ದೋಣಿ ಮುನ್ನುಗ್ಗುವಾಗ ತಾನೇ ಎಬ್ಬಿಸಿದ ಅಲೆಯನ್ನು ತಾನೇ ಏರಬೇಕಾಗುತ್ತದೆ. ಐದು ಮೀಟರ್ ಉದ್ದದ ಸಾಧಾರಣ ದೋಣಿಗೆ ಗಂಟೆಗೆ 10 ಕಿಲೋಮೀಟರ್ ಹೊತ್ತಿಗೆ ಆ ಏರು ಕಡಿದಾಗಿಬಿಡುತ್ತದೆ. ಎರಡು ಕಿರಿದಾದ ಒಡಲುಗಳನ್ನು ಅಗಲವಾಗಿ ಜೋಡಿಸಿದರೆ ಅಲೆಯೂ ಕಡಿಮೆ, ಮಗುಚುವ ಭಯವೂ ಕಡಿಮೆ, ಫಲಕ ಹಾಸಲು ಜಾಗವೂ ಹೆಚ್ಚು. ‘ಆದಿತ್ಯ’ ಇಂಥ ಜೋಡಿ ಒಡಲಿನ ದೋಣಿ. ಆದರೆ ಚಪ್ಪರ ಎತ್ತರವಾದಷ್ಟೂ ಗಾಳಿ ಅದನ್ನು ಹಾಯಿಯಂತೆ ಹಿಡಿದು ದೋಣಿಯನ್ನು ಪಕ್ಕಕ್ಕೆ ತಳ್ಳುತ್ತದೆ.

ಬ್ಯಾಟರಿಗೆ ಲಿಥಿಯಂ ಐರನ್ ಫಾಸ್ಫೇಟ್ ಜಾತಿಯದು ಒಳ್ಳೆಯದು. ಐದು ಕಿಲೋವಾಟ್-ಗಂಟೆ ಹಿಡಿಸುವ ಇಂಥ ಬ್ಯಾಟರಿ ಸುಮಾರು 50 ಕಿಲೋ ತೂಗುತ್ತದೆ. ಸೀಸ-ಆಮ್ಲದ್ದಾದರೆ ಅದರ ಎರಡು ಮೂರು ಪಟ್ಟು. ಬ್ಯಾಟರಿಯನ್ನು ದೋಣಿಯ ನಡುವೆ, ತಳಕ್ಕೆ ಹತ್ತಿರ, ನೀರು ತಾಗದಂತೆ ಬಿಗಿಯಾಗಿ ಕೂರಿಸಬೇಕು. ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಇರಲೇಬೇಕು. ಪ್ರೊಪೆಲರ್ ದೊಡ್ಡದಾಗಿದ್ದು ನಿಧಾನವಾಗಿ ತಿರುಗಿದರೆ ಪೋಲಾಗುವ ಶಕ್ತಿ ಕಡಿಮೆ.

ನಿಜವಾದ ಪಾಠ ಪರೀಕ್ಷೆಯಲ್ಲಿದೆ. ಮೊದಲು ತೂಕದ ಪರೀಕ್ಷೆ: ಜನರ ಬದಲು ಮರಳಿನ ಚೀಲ ಹೇರಿ, ಅವನ್ನು ಒಂದೇ ಅಂಚಿಗೆ ಸರಿಸಿ, ದೋಣಿ ಎಷ್ಟು ವಾಲುತ್ತದೆ, ಅಂಚು ನೀರಿನಿಂದ ಎಷ್ಟು ಮೇಲಿದೆ ಎಂದು ಅಳೆಯಬೇಕು. ಆಮೇಲೆ ದೋಣಿಯನ್ನು ದಡಕ್ಕೆ ಹಗ್ಗದಿಂದ ಕಟ್ಟಿ, ನಡುವೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಮೋಟಾರ್ ಓಡಿಸಿದರೆ ಎಳೆತದ ಬಲ ತಿಳಿಯುತ್ತದೆ. ಮೂರನೆಯದು ವೇಗ. ಗುರುತು ಮಾಡಿದ ದೂರವನ್ನು ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ಕ್ರಮಿಸಿ ಸರಾಸರಿ ತೆಗೆಯಬೇಕು. ಇಲ್ಲದಿದ್ದರೆ ಗಾಳಿ, ಹರಿವುಗಳ ಉಪಕಾರವೂ ಮೋಟಾರಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಪ್ರತಿ ವೇಗಕ್ಕೂ ಎಷ್ಟು ವಾಟ್ ಎಂದು ಬರೆದಿಟ್ಟ ಪಟ್ಟಿಯೇ ಮುಂದೆ ದೋಣಿ ನಡೆಸುವವರ ಕೈಪಿಡಿ. ಕೊನೆಗೆ ಫಲಕದ ಸಂಪರ್ಕ ತಪ್ಪಿಸಿ, ಬ್ಯಾಟರಿಯೊಂದರಿಂದಲೇ ಎಷ್ಟು ದೂರ ಹೋಗಬಹುದು ಎಂದು ನೋಡಬೇಕು. ಮೋಡ ಕವಿದಾಗ ದಡ ಸೇರಿಸುವುದು ಆ ಅಂಕಿಯೇ.

ವಿದ್ಯುತ್ ದೋಣಿ ಹೊಸದೇನಲ್ಲ. ಫ್ರಾನ್ಸಿನ ಗುಸ್ತಾವ್ ತ್ರೂವೆ 1881ರಲ್ಲೇ ಸೇನ್ ನದಿಯಲ್ಲಿ ಬ್ಯಾಟರಿ ದೋಣಿ ಓಡಿಸಿ ತೋರಿಸಿದ್ದ. ಅವನ ಹೆಸರಿನ ಅಂತರರಾಷ್ಟ್ರೀಯ ಪ್ರಶಸ್ತಿ 2020ರಲ್ಲಿ ‘ಆದಿತ್ಯ’ಕ್ಕೆ ಸಂದಿತು. 2010ರ ಸೆಪ್ಟೆಂಬರಿನಲ್ಲಿ ಮೊನಾಕೊದಿಂದ ಹೊರಟ ‘ಪ್ಲಾನೆಟ್ ಸೋಲಾರ್’ ಎಂಬ ದೋಣಿ ಬಿಸಿಲನ್ನೇ ನೆಚ್ಚಿ ಭೂಮಿಯನ್ನು ಸುತ್ತಿ, 584 ದಿನಗಳ ಬಳಿಕ 2012ರ ಮೇ ತಿಂಗಳಲ್ಲಿ ಅಲ್ಲಿಗೇ ಮರಳಿತು. ಸುಮಾರು 60,000 ಕಿಲೋಮೀಟರ್. ದಿನಕ್ಕೆ ನೂರರ ಆಸುಪಾಸು.

ಅವಸರದ ಪಯಣಕ್ಕೆ, ರಭಸದ ಹೊಳೆಗೆ ಬಿಸಿಲಿನ ದೋಣಿ ಹೊಂದುವುದಿಲ್ಲ. ಶಾಂತ ನೀರು, ಚಿಕ್ಕ ದೂರ, ಪ್ರತಿ ಸಲವೂ ಅದೇ ಕಟ್ಟೆಗೆ ಮರಳುವ ಓಡಾಟ ಇದ್ದರೆ ಬಿಸಿಲಿಗಿಂತ ಅಗ್ಗದ ಇಂಧನ ಮತ್ತೊಂದಿಲ್ಲ. ಕಟ್ಟುವ ಹುಮ್ಮಸ್ಸಿರುವವರಿಗೆ ಒಂದು ಮಾತು: ನಮ್ಮಲ್ಲಿ ಯಂತ್ರಚಾಲಿತ ದೋಣಿಗಳಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ. ಜನರನ್ನು ಹತ್ತಿಸಿಕೊಳ್ಳುವ ಮುನ್ನ ತಪಾಸಣೆ, ನೋಂದಣಿ ಮುಗಿಸಿ; ಕೂರುವ ಪ್ರತಿಯೊಬ್ಬರಿಗೂ ಒಂದು ಜೀವರಕ್ಷಕ ಜಾಕೆಟ್ ಇಟ್ಟುಕೊಳ್ಳಿ.