ತೋಟದಲ್ಲಿ ಮನೆ ಮಾಡುವ ಬಡಗಿ ದುಂಬಿ



ಕೊಟ್ಟಿಗೆಯ ತೊಲೆಯಲ್ಲಿ, ಚಪ್ಪರದ ಬಿದಿರು ಗಳದಲ್ಲಿ ಅಥವಾ ಬೇಲಿಯ ಒಣಗೂಟದಲ್ಲಿ ಬೆರಳು ತೂರುವಷ್ಟು ದುಂಡನೆಯ ರಂಧ್ರ. ಅದರ ಕೆಳಗೆ ನೆಲದ ಮೇಲೆ ಒಂದಿಷ್ಟು ಮರದ ಹೊಟ್ಟು. ಸುತ್ತಮುತ್ತ ಗುಂಯ್ ಎಂದು ಸದ್ದು ಮಾಡುತ್ತ ಹಾರಾಡುವ ದಪ್ಪನೆಯ ಕಪ್ಪು ಕೀಟ. ಇದನ್ನು ಕಾಣದ ರೈತರು ವಿರಳ. ಕಂಡೊಡನೆ ರಂಧ್ರಕ್ಕೆ ಸೀಮೆಎಣ್ಣೆ ಸುರಿಯುವವರೂ, ಕೀಟನಾಶಕ ಹಾಕಿ ಮಣ್ಣಿನಿಂದ ಮೆತ್ತುವವರೂ ಇದ್ದಾರೆ. ಹೀಗೆ ಮಾಡುವುದರಿಂದ ಉಳಿಯುವುದು ಒಂದು ಮರದ ತುಂಡು. ಕಳೆದುಹೋಗುವುದು ಹೂವನ್ನು ಕಾಯಿ ಮಾಡಿಕೊಡುವ ಕೆಲಸಗಾರ.

ಈ ಕೀಟಕ್ಕೆ ಅದರ ಹೆಸರೇ ಶತ್ರುವಾಗಿದೆ. ತೆಂಗಿನ ಸುಳಿ ಕೊರೆಯುವ ಕುರುವಾಯಿಯನ್ನೂ ದುಂಬಿ ಎನ್ನುತ್ತಾರೆ, ಇದನ್ನೂ ದುಂಬಿ ಎನ್ನುತ್ತಾರೆ. ಆದರೆ ಇವೆರಡಕ್ಕೂ ಸಂಬಂಧವಿಲ್ಲ. ಕುರುವಾಯಿಯ ಬೆನ್ನಿನ ಮೇಲೆ ಗಟ್ಟಿಯಾದ ಚಿಪ್ಪಿನಂತಹ ರೆಕ್ಕೆಗಳಿರುತ್ತವೆ. ಬಡಗಿ ದುಂಬಿಗೆ ಇರುವುದು ಜೇನುನೊಣದಂತೆ ಎರಡು ಜೊತೆ ತೆಳುವಾದ ಪೊರೆ ರೆಕ್ಕೆಗಳು. ಅದು ಜೇನಿನ ಬಳಗಕ್ಕೇ ಸೇರಿದ್ದು. 1802ರಲ್ಲಿ ಫ್ರೆಂಚ್ ಕೀಟಶಾಸ್ತ್ರಜ್ಞ ಲಾತ್ರೇಯ್ ಅವರು ಇದರ ಜಾತಿಗೆ ಇಟ್ಟ ಕ್ಸೈಲೊಕೋಪ ಎಂಬ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ಮರ ಕಡಿಯುವುದು ಎಂದೇ ಅರ್ಥ.

ಗೂಡು ಮತ್ತು ಜೀವನಕ್ರಮ

ಶೀತದೇಶಗಳ ತೋಟಗಳಲ್ಲಿ ಬಂಬಲ್ ಜೇನು ಎಂಬ ರೋಮಭರಿತ ದೊಡ್ಡ ಜೇನು ನೆಲದ ಬಿಲಗಳಲ್ಲಿ ಗೂಡು ಮಾಡುತ್ತದೆ. ಭಾರತದಲ್ಲಿ ಅದರ ನೆಲೆ ಹಿಮಾಲಯದ ತಪ್ಪಲು ಹಾಗೂ ಎತ್ತರದ ಕಣಿವೆಗಳು. ಅಲ್ಲಿ ರಾಣಿಯೊಂದು ವಸಂತದಲ್ಲಿ ಗೂಡು ಆರಂಭಿಸಿ ಕೆಲಸಗಾರ ಜೇನುಗಳನ್ನು ಬೆಳೆಸುತ್ತದೆ. ಚಳಿಗಾಲ ಬರುವ ವೇಳೆಗೆ ಸಂಸಾರವೆಲ್ಲ ಅಳಿದು ಹೊಸ ರಾಣಿಗಳು ಮಾತ್ರ ಉಳಿಯುತ್ತವೆ. ಕರ್ನಾಟಕದ ತೋಟಗಳಲ್ಲಿ ದೊಡ್ಡ ಜೇನಿನ ಈ ಕೆಲಸವನ್ನು ಬಡಗಿ ದುಂಬಿ ವಹಿಸಿಕೊಂಡಿದೆ. ಆದರೆ ಇದರ ಸಂಸಾರವೇ ಬೇರೆ. ಇಲ್ಲಿ ರಾಣಿಯಿಲ್ಲ, ಕೆಲಸಗಾರರಿಲ್ಲ, ಎರಿಯಿಲ್ಲ, ತುಪ್ಪದ ದಾಸ್ತಾನೂ ಇಲ್ಲ. ಎಲ್ಲ ಕೆಲಸ ಸಾಮಾನ್ಯವಾಗಿ ಒಂದೇ ತಾಯಿಯದು.

ಹೆಣ್ಣು ದುಂಬಿ ಒಣಮರವನ್ನು ದವಡೆಯಿಂದ ಕೊರೆದು ಸುರಂಗ ಮಾಡುತ್ತದೆ. ಮರವನ್ನು ತಿನ್ನುವುದಿಲ್ಲ, ಹೊಟ್ಟನ್ನು ಹೊರಗೆ ತಳ್ಳುತ್ತದೆ. ಸುರಂಗದ ತುದಿಯಲ್ಲಿ ಪರಾಗ ಮತ್ತು ಮಕರಂದ ಕಲಸಿದ ಉಂಡೆಯಿಟ್ಟು, ಅದರ ಮೇಲೆ ಒಂದು ಮೊಟ್ಟೆಯಿಟ್ಟು, ಮರದ ಹೊಟ್ಟಿಗೆ ಜೊಲ್ಲು ಬೆರೆಸಿ ಗೋಡೆ ಕಟ್ಟುತ್ತದೆ. ಬಳಿಕ ಅದರ ಮುಂದೆ ಇನ್ನೊಂದು ಕೋಣೆ. ಹೀಗೆ ಸಾಲಾಗಿ ಕೆಲವೇ ಕೋಣೆಗಳು. ಒಂದು ಸೆಂಟಿಮೀಟರಿಗೂ ಉದ್ದವಿರುವ ಇದರ ಮೊಟ್ಟೆ ಕೀಟಗಳ ಮೊಟ್ಟೆಗಳಲ್ಲಿ ಅತಿ ದೊಡ್ಡವುಗಳ ಪೈಕಿ ಸೇರಿದೆ. ಮರಿಹುಳು ಉಂಡೆಯನ್ನು ತಿಂದು ಬೆಳೆದು, ಕೋಶಾವಸ್ಥೆ ಕಳೆದು ದುಂಬಿಯಾಗುತ್ತದೆ. ಹೊರಬಂದ ಮರಿದುಂಬಿಗಳು ಕೆಲವು ಕಾಲ ತಾಯಿಯ ಗೂಡಿನಲ್ಲೇ ಇರುತ್ತವೆ.

ಗೂಡಿನ ಬಳಿ ಮುಖಕ್ಕೆ ಎದುರಾಗಿ ಹಾರಾಡಿ ಹೆದರಿಸುವುದು ಬಹುತೇಕ ಗಂಡು ದುಂಬಿ. ಅದಕ್ಕೆ ಕೊಂಡಿಯೇ ಇಲ್ಲ. ಹೆಣ್ಣಿಗೆ ಕೊಂಡಿಯಿದ್ದರೂ ಕೈಯಲ್ಲಿ ಹಿಡಿದು ಅದುಮಿದ ಹೊರತು ಚುಚ್ಚುವುದು ಅಪರೂಪ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಜೇನುಕುಟುಂಬದಲ್ಲಿ ಸಾವಿರಾರು ಕೆಲಸಗಾರ ನೊಣಗಳಿರುತ್ತವೆ, ರಾಣಿ ದಿನಕ್ಕೆ ನೂರಾರು ಮೊಟ್ಟೆಯಿಡುತ್ತದೆ. ಹತ್ತು ನೊಣ ಸತ್ತರೂ ಕುಟುಂಬ ಚೇತರಿಸಿಕೊಳ್ಳುತ್ತದೆ. ಬಡಗಿ ದುಂಬಿಯ ತಾಯಿ ಸತ್ತರೆ ಗೂಡಿನ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಇಷ್ಟು ಕಡಿಮೆ ಸಂತಾನವುಳ್ಳ ಕೀಟ ಒಮ್ಮೆ ತೋಟದಿಂದ ಮರೆಯಾದರೆ ಮತ್ತೆ ಹೆಚ್ಚುವುದು ನಿಧಾನ.

ಬೆಳೆಗೆ ಆಗುವ ಉಪಕಾರ

ಹಸಿರೆಲೆ ಗೊಬ್ಬರಕ್ಕೆ ಬೆಳೆಯುವ ಸೆಣಬಿನಲ್ಲಿ ಬೀಜ ಕಟ್ಟಬೇಕಾದರೆ ದೊಡ್ಡ ಜೇನುಗಳು ಹೂವಿನ ಮೇಲೆ ಕುಳಿತು ದೋಣಿದಳವನ್ನು ಅದುಮಬೇಕು. ಭಾರವಾದ ಬಡಗಿ ದುಂಬಿಗೆ ಇದು ಸುಲಭ. ತೊಗರಿಯು ತನ್ನಷ್ಟಕ್ಕೆ ಕಾಯಿ ಕಟ್ಟಬಲ್ಲುದಾದರೂ, ಹೂವಿನಿಂದ ಹೂವಿಗೆ ಪರಾಗ ಸಾಗಿಸುವ ಕೀಟಗಳಲ್ಲಿ ಇದೂ ಒಂದು. ಹಳದಿ ಪ್ಯಾಷನ್ ಹಣ್ಣಿನ ಬಳ್ಳಿಗೆ ಬೇರೆ ಬಳ್ಳಿಯ ಪರಾಗ ಬೇಕೇ ಬೇಕು. ಅದರ ಹೂವಿನಲ್ಲಿ ಪರಾಗಕೋಶ ಮತ್ತು ಶಲಾಕಾಗ್ರಗಳು ಮಕರಂದದಿಂದ ಮೇಲೆ, ಎತ್ತರದಲ್ಲಿರುತ್ತವೆ. ಸಣ್ಣ ಜೇನು ಅವುಗಳಿಗೆ ತಾಗದೆ ಕೆಳಗೆ ನುಸುಳಿಬಿಡುತ್ತದೆ. ಬಡಗಿ ದುಂಬಿಯ ಬೆನ್ನು ಮಾತ್ರ ಎರಡಕ್ಕೂ ಸರಿಯಾಗಿ ಉಜ್ಜುತ್ತದೆ. ಬ್ರೆಜಿಲ್ ದೇಶದಲ್ಲಿ ದುಂಬಿ ಸಾಲದ ಪ್ಯಾಷನ್ ಹಣ್ಣಿನ ತೋಟಗಳಲ್ಲಿ ಆಳುಗಳಿಂದ ಕೈಯಲ್ಲೇ ಪರಾಗಸ್ಪರ್ಶ ಮಾಡಿಸಬೇಕಾಗುತ್ತದೆ.

ಬದನೆ ಮತ್ತು ಟೊಮೆಟೊ ಹೂಗಳ ಪರಾಗ ಉಪ್ಪಿನ ಡಬ್ಬಿಯಂತೆ ಅಲುಗಿಸಿದರೆ ಮಾತ್ರ ಸರಿಯಾಗಿ ಉದುರುತ್ತದೆ. ಹೂವನ್ನು ಅಪ್ಪಿ ಹಿಡಿದು ಮೈ ನಡುಗಿಸಿ ಪರಾಗ ಉದುರಿಸುವ ವಿದ್ಯೆ ಜೇನುನೊಣಕ್ಕೆ ಬಾರದು, ಬಡಗಿ ದುಂಬಿಗೆ ಬರುತ್ತದೆ. ಇದೇ ಕೆಲಸಕ್ಕಾಗಿ ಯೂರೋಪಿನ ಗಾಜುಮನೆಗಳ ಟೊಮೆಟೊ ಬೆಳೆಗಾರರು 1980ರ ದಶಕದ ಕೊನೆಯಿಂದ ಬಂಬಲ್ ಜೇನಿನ ಪೆಟ್ಟಿಗೆಗಳನ್ನು ಹಣ ಕೊಟ್ಟು ಕೊಳ್ಳುತ್ತಿದ್ದಾರೆ.

ಇದರಿಂದ ತೊಂದರೆಯೇ ಇಲ್ಲವೆಂದಲ್ಲ. ಉದ್ದ ಕೊಳವೆಯ ಹೂಗಳ ಬುಡ ಸೀಳಿ ಮಕರಂದ ಕದಿಯುವುದುಂಟು. ಒಂದೇ ತೊಲೆಯಲ್ಲಿ ವರ್ಷಗಟ್ಟಲೆ ಗೂಡು ಮಾಡಿದರೆ ತೊಲೆಯ ಬಲ ಕುಗ್ಗುವುದೂ ನಿಜ. ಆದುದರಿಂದ ಮರವೂ ಉಳಿಯಬೇಕು, ದುಂಬಿಯೂ ಉಳಿಯಬೇಕು. ಅದಕ್ಕೆ ಈ ಕ್ರಮಗಳನ್ನು ಅನುಸರಿಸಬಹುದು.

1. ಮನೆ ಮತ್ತು ಕೊಟ್ಟಿಗೆಯ ತೊಲೆಗಳಿಗೆ ಬಣ್ಣ ಬಳಿಯಿರಿ. ಬಣ್ಣ ಬಳಿದ ಮರವನ್ನು ದುಂಬಿ ಕೊರೆಯುವುದು ಕಡಿಮೆ.

2. ಗೂಡಿರುವ ತೊಲೆಯ ರಂಧ್ರವನ್ನು ದುಂಬಿಗಳೆಲ್ಲ ಹೊರಬಿದ್ದ ನಂತರವೇ ಮುಚ್ಚಿರಿ.

3. ತೋಟದ ಅಂಚಿನಲ್ಲಿ ಮಳೆ ತಾಗದ ಕಡೆ ಒಣಗಿದ ಮೆದುಮರದ ದಿಮ್ಮಿ ಹಾಗೂ ಬಿದಿರು ತುಂಡುಗಳನ್ನು ಅಡ್ಡಲಾಗಿ ಕಟ್ಟಿಡಿ. ಎಲ್ಲ ಒಣಗೂಟಗಳನ್ನೂ ಸೌದೆ ಮಾಡಬೇಡಿ.

4. ಬದುಗಳಲ್ಲಿ ಎಕ್ಕ, ತಂಗಡಿ, ಗ್ಲಿರಿಸಿಡಿಯ ಗಿಡಗಳಿರಲಿ. ಬೆಳೆಯಲ್ಲಿ ಹೂವಿಲ್ಲದ ಕಾಲಕ್ಕೆ ಇವೇ ದುಂಬಿಯ ಆಹಾರ.

5. ಹೂ ಬಿಟ್ಟ ಬೆಳೆಗೆ ಅನಿವಾರ್ಯವಾದರೆ ಮಾತ್ರ ಔಷಧಿ ಹೊಡೆಯಿರಿ. ಹೊಡೆಯಲೇಬೇಕಾದರೆ ದುಂಬಿ, ಜೇನುಗಳ ಹಾರಾಟ ನಿಂತ ಸಂಜೆಯ ವೇಳೆಯಲ್ಲಿ ಹೊಡೆಯಿರಿ.

ಗ್ರಾಮಸೇವಕರು ಹಾಗೂ ವಿಸ್ತರಣಾ ಕಾರ್ಯಕರ್ತರು ಕಾಂಡಕೊರಕದ ಬಗ್ಗೆ ತಿಳಿಸುವಾಗ ಈ ವ್ಯತ್ಯಾಸವನ್ನೂ ರೈತರಿಗೆ ತೋರಿಸಿಕೊಡುವುದು ಲೇಸು: ಬೆಳೆಯುತ್ತಿರುವ ಹಸಿಮರವನ್ನು ಕೊರೆದು ತಿನ್ನುವುದು ಪೀಡೆ, ಒಣಮರದಲ್ಲಿ ಮನೆ ಮಾಡಿ ಹೂವಿಗೆ ಹೋಗುವುದು ಬಡಗಿ ದುಂಬಿ. ಮೊದಲನೆಯದಕ್ಕೆ ಔಷಧಿ, ಎರಡನೆಯದಕ್ಕೆ ಒಂದು ಒಣದಿಮ್ಮಿ.