ಬಾಲ್ಕನಿಗೆ ಗುಬ್ಬಚ್ಚಿ ಬರಲಿ, ಪಾರಿವಾಳ ಬೇಡ

(ಮಹಿಳಾ ವಿಭಾಗದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತಿನ ವಿಷಯ ಮುಂಬೈಯಲ್ಲಿ ಸ್ವಲ್ಪ ಜಗಳದ ವಿಷಯವೇ. ಹಕ್ಕಿಗೆ ಕಾಳು ಹಾಕಬೇಕೇ, ಬೇಡವೇ? ಹಾಕಿದರೆ ಯಾವ ಹಕ್ಕಿಗೆ? ಇಲ್ಲಿ ಕುಳಿತವರಲ್ಲಿ ಅರ್ಧದಷ್ಟು ಮಂದಿ ಕಾಳು ಹಾಕುವವರು, ಉಳಿದರ್ಧ ಮಂದಿ ಮೇಲಿನ ಮಹಡಿಯವರು ಕಾಳು ಹಾಕುತ್ತಾರೆಂದು ಸೊಸೈಟಿಗೆ ದೂರು ಕೊಟ್ಟವರು ಎಂದು ನನಗೆ ಗೊತ್ತು. ಇಬ್ಬರಿಗೂ ಸಲ್ಲುವ ಒಂದು ದಾರಿ ಇದೆ ಎಂದು ಹೇಳಲು ನಿಂತಿದ್ದೇನೆ.

2025ರ ಜುಲೈಯಲ್ಲಿ ರಾಜ್ಯ ಸರಕಾರ ಮುಂಬೈಯ ಕಬೂತರ್‌ಖಾನಾಗಳನ್ನು ಮುಚ್ಚುವಂತೆ ಮಹಾನಗರಪಾಲಿಕೆಗೆ ಹೇಳಿತು. ನಿಷೇಧ ಮೀರಿ ಕಾಳು ಹಾಕುವವರ ಮೇಲೆ ಪ್ರಕರಣ ದಾಖಲಿಸಿ ಎಂದು ಬಾಂಬೆ ಹೈಕೋರ್ಟ್ ಕೂಡ ಸೂಚಿಸಿತು. ಆಗಸ್ಟ್‌ನಲ್ಲಿ ದಾದರ್ ಕಬೂತರ್‌ಖಾನಾಕ್ಕೆ ಹೊದಿಸಿದ ತಾಡಪತ್ರಿಯನ್ನು ಜನ ಸೇರಿ ಹರಿದುಹಾಕಿದ್ದನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಒಂದು ಕಡೆ ತಲೆಮಾರುಗಳಿಂದ ನಡೆದು ಬಂದ ಜೀವದಯೆ, ಇನ್ನೊಂದು ಕಡೆ ಮನುಷ್ಯರ ಶ್ವಾಸಕೋಶ. ಎರಡೂ ಸಣ್ಣ ಮಾತಲ್ಲ.

ಮೊದಲು ಶ್ವಾಸಕೋಶದ ಮಾತು. ಪಾರಿವಾಳದ ಗರಿಯ ಧೂಳಿನಲ್ಲಿ, ಒಣಗಿದ ಹಿಕ್ಕೆಯಲ್ಲಿ ಇರುವ ಪ್ರೋಟೀನು ಉಸಿರಿನ ಜೊತೆ ದಿನವೂ ಒಳಗೆ ಹೋಗುತ್ತಿದ್ದರೆ ಕೆಲವರ ದೇಹ ಅದರ ವಿರುದ್ಧ ಕೆರಳುತ್ತದೆ. ವೈದ್ಯರು ಇದನ್ನು ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ ಎನ್ನುತ್ತಾರೆ. ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು, ಸುಸ್ತು. ಶುರುವಿನಲ್ಲೇ ಗೊತ್ತಾಗಿ ಪಾರಿವಾಳದ ಸಂಪರ್ಕ ತಪ್ಪಿಸಿದರೆ ಸುಧಾರಿಸಬಹುದು. ವರ್ಷಗಟ್ಟಲೆ ಮುಂದುವರಿದರೆ ಶ್ವಾಸಕೋಶ ಗಟ್ಟಿಯಾಗಿ, ಹೋದದ್ದು ಹಿಂದೆ ಬರುವುದಿಲ್ಲ. ನಮ್ಮ ಕಟ್ಟಡದಲ್ಲೇ ಒಬ್ಬರು ಹಿರಿಯರಿದ್ದಾರೆ. ಯಜಮಾನರು ತೀರಿಕೊಂಡ ಮೇಲೆ ಬೆಳಗ್ಗೆ ಪಾರಿವಾಳಕ್ಕೆ ಜೋಳ ಹಾಕುವುದೇ ಅವರಿಗೆ ಪೂಜೆ, ಅದೇ ಮಾತುಕತೆ. ಈಗ ಅವರ ಮಂಚದ ಪಕ್ಕ ಆಮ್ಲಜನಕದ ಯಂತ್ರ ಇದೆ. ಡಾಕ್ಟರು ಬಾಲ್ಕನಿಯ ಬಾಗಿಲು ಮುಚ್ಚಿಸಿದ್ದಾರೆ. "ಹಕ್ಕಿಗೆ ಹಾಕಿದ ಅನ್ನ ನನಗೆ ಹೀಗೆ ತಿರುಗೀತೇ?" ಎಂದು ಅವರು ಕೇಳಿದಾಗ ಯಾರ ಬಳಿಯೂ ಉತ್ತರವಿರಲಿಲ್ಲ. ಅವರ ದಯೆ ಸುಳ್ಳಲ್ಲ. ದಯೆಗೆ ಸರಿಯಾದ ದಾರಿಯನ್ನು ಯಾರೂ ತೋರಿಸಿರಲಿಲ್ಲ, ಅಷ್ಟೆ.

ಇನ್ನು ಪಾರಿವಾಳವೇ ಇಷ್ಟು ಹೆಚ್ಚಲು, ಗುಬ್ಬಚ್ಚಿ ಕಾಣದಾಗಲು ಏನು ಕಾರಣ? ಇದು ತಿಳಿದರೆ ಉಪಾಯವೂ ತಾನಾಗಿ ಹೊಳೆಯುತ್ತದೆ.

ಪಾರಿವಾಳದ ಪೂರ್ವಜರು ಬಂಡೆಯ ಸೀಳುಗಳಲ್ಲಿ ಗೂಡು ಕಟ್ಟುವ ಹಕ್ಕಿಗಳು. ನಮ್ಮ ಕಟ್ಟಡಗಳ ಸಜ್ಜಾ, ಡಕ್ಟ್, ಎ.ಸಿ. ಪೆಟ್ಟಿಗೆಯ ಹಿಂಬದಿ, ಎಲ್ಲವೂ ಅದಕ್ಕೆ ಬಂಡೆಯ ಸೀಳೇ. ಒಂದು ಸಲಕ್ಕೆ ಎರಡೇ ಮೊಟ್ಟೆ, ಆದರೆ ವರ್ಷವಿಡೀ ಮರಿ ಮಾಡುತ್ತದೆ. ಮುಖ್ಯವಾದ ಮಾತು ಇನ್ನೊಂದು: ಪಾರಿವಾಳ ತನ್ನ ಗಂಟಲಚೀಲದಲ್ಲಿ ಹಾಲಿನಂಥ ಪದಾರ್ಥ ತಯಾರಿಸಿ ಮರಿಗೆ ಉಣಿಸುತ್ತದೆ. ಹಾಗಾಗಿ ಬರೀ ಕಾಳು ಸಿಕ್ಕರೂ ಅದರ ಸಂಸಾರ ನಡೆಯುತ್ತದೆ.

ಗುಬ್ಬಚ್ಚಿಯ ಕಥೆ ಬೇರೆ. ದೊಡ್ಡ ಗುಬ್ಬಚ್ಚಿ ಕಾಳು ತಿಂದು ಬದುಕುತ್ತದೆ, ನಿಜ. ಆದರೆ ಮರಿಗೆ ಮೊದಲ ದಿನಗಳಲ್ಲಿ ಹುಳುವೇ ಬೇಕು. ಹುಳು ಬೇಕಾದರೆ ಗಿಡ ಬೇಕು, ಮಣ್ಣು ಬೇಕು. ಗೂಡಿಗೆ ಹೆಂಚಿನ ಸಂದು, ಗೋಡೆಯ ತೂತು ಬೇಕು. ಗಾಜಿನ ಟವರಿನಲ್ಲಿ ಇದ್ಯಾವುದೂ ಇಲ್ಲ. 2020ರ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ಕೂಡ ಇದನ್ನೇ ಹೇಳಿತು: ದೇಶದಲ್ಲಿ ಒಟ್ಟಾರೆ ಗುಬ್ಬಚ್ಚಿಯ ಸಂಖ್ಯೆ ಹೆಚ್ಚುಕಡಿಮೆ ಸ್ಥಿರ, ದೊಡ್ಡ ನಗರಗಳಲ್ಲಿ ಮಾತ್ರ ಇಳಿಮುಖ. ಅಂದರೆ ಊರಲ್ಲಿ ಅಮ್ಮನ ಅಂಗಳಕ್ಕೆ ಬರುವ ಗುಬ್ಬಚ್ಚಿ ನಮ್ಮ ಮನೆಗೆ ಬರುತ್ತಿಲ್ಲ. ದಿಲ್ಲಿಯವರು 2012ರಲ್ಲಿ ಅದನ್ನು ತಮ್ಮ ರಾಜ್ಯಪಕ್ಷಿ ಎಂದೇ ಘೋಷಿಸಿಕೊಂಡರು. ನಾವು ಅಷ್ಟು ದೊಡ್ಡದೇನೂ ಮಾಡಬೇಕಾಗಿಲ್ಲ, ಒಂದು ಬಾಲ್ಕನಿ ಸರಿಮಾಡಿಕೊಂಡರೆ ಸಾಕು.

ಉಪಾಯದ ಮೂಲ ಇಷ್ಟೇ. ಗುಬ್ಬಚ್ಚಿಯ ತೂಕ ಸುಮಾರು 25ರಿಂದ 30 ಗ್ರಾಂ. ಪಾರಿವಾಳದ್ದು ಅದರ ಹತ್ತು ಪಟ್ಟು. ಗುಬ್ಬಚ್ಚಿ ತೂಗಾಡುವ ದಂಟನ್ನು ಹಿಡಿದು ನೇತಾಡಬಲ್ಲದು. ಪಾರಿವಾಳಕ್ಕೆ ಕಾಲೂರಿ ನಿಲ್ಲಲು, ನಡೆದಾಡಲು ಸಮತಟ್ಟಾದ ಜಾಗ ಬೇಕು. ಹಾಗಾದರೆ ಸಣ್ಣ ಬಾಗಿಲಿಡಿ, ಅಲುಗಾಡುವ ಜಾಗದಲ್ಲಿಡಿ, ಕೆಳಗೆ ಚೆಲ್ಲದಂತೆ ನೋಡಿಕೊಳ್ಳಿ. ಉಳಿದದ್ದೆಲ್ಲ ಈ ಮೂರರ ವಿವರವೇ.

ಎಲ್ಲಕ್ಕಿಂತ ಸುಲಭದ್ದು ನಮ್ಮ ಹಿರಿಯರ ಪದ್ಧತಿ. ತುಳುನಾಡಿನವರಿಗೆ ನಾನು ಹೇಳಬೇಕಾಗಿಲ್ಲ, ಹೊಸ ತೆನೆಯನ್ನು ಮನೆ ತುಂಬಿಸಿಕೊಂಡು ಬಾಗಿಲಿಗೆ, ಕಂಬಕ್ಕೆ ಕಟ್ಟುತ್ತೇವೆ. ಆ ತೆನೆಯ ಭತ್ತ ಕೊನೆಗೆ ಯಾರ ಹೊಟ್ಟೆ ಸೇರುತ್ತಿತ್ತು? ಜಗಲಿಯ ಗುಬ್ಬಚ್ಚಿಯದು. ಇಲ್ಲೂ ಅದನ್ನೇ ಮಾಡಿ. ಭತ್ತದ ಇಲ್ಲವೇ ಸಜ್ಜೆಯ ನಾಲ್ಕೈದು ತೆನೆಗಳನ್ನು ಸೇರಿಸಿ ಕಟ್ಟಿ, ಗ್ರಿಲ್ಲಿನಿಂದ ದೂರಕ್ಕೆ ತೆಳ್ಳನೆಯ ದಾರದಲ್ಲಿ ನೇತುಹಾಕಿ. ಗುಬ್ಬಚ್ಚಿ, ರಾಟವಾಳ ಬಂದು ತಲೆಕೆಳಗಾಗಿ ನೇತಾಡಿಕೊಂಡು ತಿನ್ನುತ್ತವೆ. ಪಾರಿವಾಳ ಒಂದೆರಡು ಸಲ ಹಾರಿ ನೋಡಿ, ಕೂರಲಾಗದೆ ಹೊರಟುಹೋಗುತ್ತದೆ. ಊರಿಂದ ಬರುವವರ ಕೈಯಲ್ಲಿ ಹಪ್ಪಳ ಸಂಡಿಗೆಯ ಜೊತೆ ಒಂದು ಕಟ್ಟು ತೆನೆಯನ್ನೂ ತರಿಸಿ.

ಎರಡನೆಯದು ಬಲೆಯ ಪಂಜರ. ಒಂದೂವರೆ ಇಂಚು ಕಣ್ಣಿನ, ಅಂದರೆ ಸುಮಾರು 38 ಮಿಲಿಮೀಟರ್ ಚೌಕದ ತಂತಿಬಲೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದರಿಂದ ಎಲ್ಲ ಕಡೆ ಮುಚ್ಚಿದ ಪೆಟ್ಟಿಗೆಯಂತೆ ಮಾಡಿಸಿ. ಕೈ ಹಾಕಲು ಒಂದು ಬಾಗಿಲಿರಲಿ. ಕಾಳಿನ ಬಟ್ಟಲನ್ನು ನಟ್ಟನಡುವೆ ಇಡಿ. ಬಲೆಯಿಂದ ಬಟ್ಟಲಿಗೆ ಎಲ್ಲ ಕಡೆಯಿಂದಲೂ ಆರು ಇಂಚು ದೂರವಿರಬೇಕು. ಇಲ್ಲದಿದ್ದರೆ ಪಾರಿವಾಳ ಹೊರಗೆ ನಿಂತೇ ಕತ್ತು ಚಾಚಿ ಖಾಲಿ ಮಾಡುತ್ತದೆ, ಕಾಗೆಯಂತೂ ಇನ್ನೂ ಜಾಣ. ತಂತಿಯ ಚೂಪು ತುದಿಗಳನ್ನು ಒಳಕ್ಕೆ ಮಡಚಿಸುವುದನ್ನು ಮರೆಯಬೇಡಿ. ಮೇಲ್ಭಾಗವನ್ನು ಇಳಿಜಾರಾಗಿ ಮಾಡಿಸಿದರೆ ಅದರ ಮೇಲೆ ಪಾರಿವಾಳ ಬಿಡಾರ ಹೂಡುವುದೂ ತಪ್ಪುತ್ತದೆ. ಹೊಸ ಪಂಜರಕ್ಕೆ ಗುಬ್ಬಚ್ಚಿ ಹೊಂದಿಕೊಳ್ಳಲು ಕೆಲವು ದಿನ ಬೇಕು, ಕೆಲವೊಮ್ಮೆ ವಾರಗಳೇ ಬೇಕು. ಅವಸರ ಮಾಡಬೇಡಿ.

ಚಿಕ್ಕಂದಿನಲ್ಲಿ ಕೇಳಿದ ಕಾಗಕ್ಕ ಗುಬ್ಬಕ್ಕನ ಕಥೆ ನೆನಪಿದೆಯಲ್ಲ? ಮಳೆಗೆ ಮನೆ ಕೊಚ್ಚಿಹೋಗಿ ಕಾಗಕ್ಕ ಬಂದು ಬಾಗಿಲು ತಟ್ಟುತ್ತಾಳೆ, ಗುಬ್ಬಕ್ಕ ಬೇಗ ತೆಗೆಯುವುದಿಲ್ಲ. ಮರಾಠಿ ತಾಯಂದಿರೂ ಕಾವೂ ಚಿವೂ ಎಂದು ಇದೇ ಕಥೆ ಹೇಳಿ ಮಕ್ಕಳಿಗೆ ತುತ್ತು ತಿನ್ನಿಸುತ್ತಾರೆ. ಮಕ್ಕಳಿದ್ದಾಗ ಗುಬ್ಬಕ್ಕನ ಮನಸ್ಸು ಗಟ್ಟಿಯೆಂದು ನಮಗೆ ಅನ್ನಿಸುತ್ತಿತ್ತು. ಆದರೆ ಕಾಗೆ ಗುಬ್ಬಚ್ಚಿಯ ಮೊಟ್ಟೆಯನ್ನೂ ಮರಿಯನ್ನೂ ಬಿಡುವುದಿಲ್ಲ ಎಂದು ತಿಳಿದ ಮೇಲೆ ಗುಬ್ಬಕ್ಕ ಮಾಡಿದ್ದು ತಾಯಿಯ ಕೆಲಸವೇ ಅನ್ನಿಸುತ್ತದೆ. ಪಿತೃಪಕ್ಷದಲ್ಲಿ ಕಾಗೆಗೆ ಎಡೆ ಇಡುವುದು ಬೇರೆ, ಆ ದಿನದ್ದು ಆ ದಿನಕ್ಕೆ. ದಿನವೂ ಅನ್ನ, ಮೀನಿನ ಮುಳ್ಳು ಹೊರಗಿಟ್ಟು ಕಾಗೆಗೆ ರೂಢಿ ಮಾಡಿಸಿದರೆ ಗುಬ್ಬಚ್ಚಿ ಅತ್ತ ಸುಳಿಯುವುದಿಲ್ಲ.

ಏನು ಹಾಕಬೇಕು? ಸಜ್ಜೆ, ನವಣೆ, ಅಕ್ಕಿ ನುಚ್ಚು. ಮೆಕ್ಕೆಜೋಳ, ಕಡಲೆ, ಬಟಾಣಿಯಂಥ ದೊಡ್ಡ ಕಾಳು ಬೇಡ, ಅದು ಪಾರಿವಾಳಕ್ಕೆ ಕೊಟ್ಟ ಕರೆಯೋಲೆ. ಉಪ್ಪು ಹಾಕಿದ್ದು, ಕರಿದದ್ದು, ಹಾಲು, ಬ್ರೆಡ್, ಬಿಸ್ಕತ್ತು ಬೇಡವೇ ಬೇಡ. ಎಷ್ಟು ಹಾಕಬೇಕು? ಒಂದು ಗುಬ್ಬಚ್ಚಿಗೆ ದಿನಕ್ಕೆ ಕೆಲವೇ ಗ್ರಾಂ ಸಾಕು. ಬೆಳಗ್ಗೆ ಎರಡು ಚಮಚ ಹಾಕಿ. ಸಂಜೆಯೊಳಗೆ ಉಳಿದದ್ದನ್ನು ತೆಗೆದು, ಚೆಲ್ಲಿದ್ದನ್ನು ಒರೆಸಿ. ರಾತ್ರಿ ಉಳಿದ ಕಾಳಿಗೆ ಬರುವುದು ಹಕ್ಕಿಯಲ್ಲ, ಇಲಿ, ಹೆಗ್ಗಣ. ಮಳೆಗಾಲದಲ್ಲಿ ನೆನೆದ ಕಾಳು ಬೂಷ್ಟು ಹಿಡಿಯುತ್ತದೆ, ಅದು ಹಕ್ಕಿಗೂ ವಿಷವೇ. ಬಟ್ಟಲನ್ನು ವಾರಕ್ಕೊಮ್ಮೆಯಾದರೂ ಬಿಸಿನೀರಲ್ಲಿ ತಿಕ್ಕಿ, ಒಣಗಿಸಿ ಇಡಿ.

ನೀರಿಗೆ ಒಂದಿಂಚು ಆಳದ ಮಣ್ಣಿನ ತಟ್ಟೆ ಸಾಕು. ಅದನ್ನೂ ಪಂಜರದೊಳಗೇ ಇಡಿ. ದಿನಾ ಚೆಲ್ಲಿ, ತಿಕ್ಕಿ, ಹೊಸ ನೀರು ತುಂಬಿ. ಡೆಂಗಿಯ ಸೊಳ್ಳೆ ಬೆಳೆಯುವುದು ಹೀಗೆ ನಿಂತ ಶುಭ್ರ ನೀರಿನಲ್ಲೇ.

ಆದರೆ ಕಾಳಿಗಿಂತ ದೊಡ್ಡ ಉಪಕಾರ ಗಿಡ. ಕರಿಬೇವು, ನಿಂಬೆ ಕುಂಡದಲ್ಲಿದ್ದರೆ ಚಿಟ್ಟೆ ಮೊಟ್ಟೆಯಿಡುತ್ತದೆ, ಹುಳು ಎಲೆ ತಿನ್ನುತ್ತದೆ. ನಾವು ಒಗ್ಗರಣೆಗೆ ಎಲೆ ಉಳಿಯಲಿಲ್ಲವೆಂದು ಔಷಧಿ ಹೊಡೆಯುತ್ತೇವೆ. ಹೊಡೆಯಬೇಡಿ. ಎಲೆಯ ಸಂದಿಗೆ ಇಣುಕುವ ಟುವ್ವಿ ಹಕ್ಕಿಗೂ ಗುಬ್ಬಚ್ಚಿಯ ಮರಿಗೂ ಹುಳುವೇ ಊಟ. ದಾಸವಾಳ, ಕೇಪಳ ನೆಟ್ಟರೆ ಸೂರಕ್ಕಿ ಮಕರಂದಕ್ಕೆ ತಾನಾಗಿ ಬರುತ್ತದೆ, ಸಕ್ಕರೆ ನೀರು ಇಡಬೇಕಾಗಿಲ್ಲ. ಈ ಹಕ್ಕಿಗಳ ಹಿಂದೆ ಪಾರಿವಾಳ ಬರುವ ಭಯವೂ ಇಲ್ಲ. ದಿಲ್ಲಿಯಲ್ಲಿ ಕೋತಿ ಕಾಟ ಇರುವ ಕಡೆಯವರಿಗೂ ನಾನು ಹೇಳುವುದು ಇದನ್ನೇ: ಕಾಳು, ಹಣ್ಣು ಬಿಡಿ, ಗಿಡ ಇಡಿ.

ಗೂಡಿನ ಪೆಟ್ಟಿಗೆ ಹಾಕುವವರು ಒಂದು ಅಳತೆ ಬರೆದುಕೊಳ್ಳಿ. ತೂತು 32 ಮಿಲಿಮೀಟರ್, ಒಂದೂಕಾಲು ಇಂಚು. ಇದಕ್ಕಿಂತ ದೊಡ್ಡದಾದರೆ ಗೊರವಂಕ ನುಗ್ಗುತ್ತದೆ. ತೂತಿನ ಕೆಳಗೆ ಕೂರಲು ಕಡ್ಡಿ ಬೇಡ, ಅದು ಗುಬ್ಬಚ್ಚಿಗಿಂತ ಕಾಗೆಗೇ ಅನುಕೂಲ. ಮಧ್ಯಾಹ್ನದ ಬಿಸಿಲು ಬೀಳದ, ಕೈಗೆಟುಕದ ಎತ್ತರದಲ್ಲಿ, ಫ್ಯಾನಿನಿಂದ ದೂರದಲ್ಲಿ ಕಟ್ಟಿ. ಮರಿಯಿದ್ದಾಗ ಇಣುಕಬೇಡಿ, ಫೋಟೋ ಆಮೇಲೆ ತೆಗೆಯೋಣ.

ಪಾರಿವಾಳ ಈಗಾಗಲೇ ಠಿಕಾಣಿ ಹೂಡಿದ್ದರೆ? ಒಣ ಹಿಕ್ಕೆಯನ್ನು ಯಾವತ್ತೂ ಪೊರಕೆಯಲ್ಲಿ ಗುಡಿಸಬೇಡಿ, ಎದ್ದ ಧೂಳೇ ರೋಗ. ಮಾಸ್ಕ್, ಕೈಗವಸು ಹಾಕಿ, ನೀರು ಚಿಮುಕಿಸಿ ಚೆನ್ನಾಗಿ ನೆನೆಸಿ, ಆಮೇಲೆ ಬಳಿದು ತೆಗೆಯಿರಿ. ಮನೆಕೆಲಸಕ್ಕೆ ಬರುವವರ ಕೈಯಲ್ಲಿ ಮಾಡಿಸುವುದಾದರೆ ಅವರಿಗೂ ಮಾಸ್ಕ್ ಕೊಡಿ, ಅವರದ್ದೂ ಶ್ವಾಸಕೋಶವೇ. ಉಬ್ಬಸವಿರುವವರು ಈ ಕೆಲಸಕ್ಕೆ ಇಳಿಯಲೇಬಾರದು. ಬಲೆ ಕಟ್ಟಿಸುವುದಾದರೆ ಬಿಗಿಯಾಗಿ ಕಟ್ಟಿಸಿ, ಜೋತುಬಿದ್ದ ಬಲೆಯಲ್ಲಿ ಹಕ್ಕಿ ಸಿಕ್ಕಿ ಸಾಯುತ್ತದೆ. ಕಟ್ಟಿಸುವ ಮೊದಲು ಒಳಗೆ ಮೊಟ್ಟೆ, ಮರಿ ಇಲ್ಲವೆಂದು ನೋಡಿಕೊಳ್ಳಿ. ಅಂಟು, ವಿಷ ಎರಡೂ ಬೇಡ. ಅಂಟಿಗೆ ಮೊದಲು ಸಿಕ್ಕಿಬೀಳುವುದು ನಾವು ಕರೆದ ಪುಟ್ಟ ಹಕ್ಕಿಯೇ.

ಕಡೆಯದಾಗಿ ಮನೆಯ ಹಿರಿಯರ ಮಾತು. ಅತ್ತೆಯವರಿಗೆ "ನಾಳೆಯಿಂದ ಕಾಳು ಹಾಕಬೇಡಿ" ಎಂದು ಒಂದೇ ಮಾತಿನಲ್ಲಿ ಹೇಳಿ ಬಾಗಿಲು ಹಾಕಿದರೆ ಅವರ ಬೆಳಗ್ಗೆಯೇ ಬರಿದಾಗುತ್ತದೆ. ಕೈಯಿಂದ ಜೋಳದ ಡಬ್ಬಿ ತೆಗೆದುಕೊಳ್ಳುವ ದಿನವೇ ಕೈಗೆ ತೆನೆ ಕೊಡಿ. ನೀರು ಬದಲಿಸುವ ಕೆಲಸ ಅವರಿಗಿರಲಿ, ಯಾವ ಹಕ್ಕಿ ಎಷ್ಟು ಹೊತ್ತಿಗೆ ಬಂತೆಂದು ಮೊಮ್ಮಕ್ಕಳಿಗೆ ಹೇಳುವ ಕೆಲಸವೂ ಅವರಿಗಿರಲಿ. ಅಕ್ಕಿಹಿಟ್ಟಿನ ರಂಗೋಲಿಯಲ್ಲಿ ಇರುವೆಗೂ ಪಾಲಿಟ್ಟವರು ನಮ್ಮ ಹಿರಿಯರು. ಅವರು ಇಟ್ಟದ್ದು ಚಿಟಿಕೆಯಷ್ಟೇ, ಮೂಟೆಗಟ್ಟಲೆ ಸುರಿಯಲಿಲ್ಲ. ನೂರಾರು ಪಾರಿವಾಳ ಕೂಡಿಸುವ ಒಂದು ಗೋಣಿ ಜೋಳಕ್ಕಿಂತ ಎರಡು ಗುಬ್ಬಚ್ಚಿಗೆ ಸಿಕ್ಕ ಎರಡು ಚಮಚ ನವಣೆಯಲ್ಲಿ ಪುಣ್ಯ ಕಡಿಮೆಯೇನೂ ಆಗುವುದಿಲ್ಲ.

ಮಾರ್ಚ್ 20 ವಿಶ್ವ ಗುಬ್ಬಚ್ಚಿ ದಿನ. ಈ ಆಚರಣೆಯನ್ನು 2010ರಲ್ಲಿ ಶುರುಮಾಡಿದ್ದು ನಮ್ಮದೇ ಮಹಾರಾಷ್ಟ್ರದ ನಾಸಿಕ್‌ನ ಮೊಹಮ್ಮದ್ ದಿಲಾವರ್ ಅವರ ನೇಚರ್ ಫಾರೆವರ್ ಸೊಸೈಟಿ. ಆ ದಿನ ಬರುವುದರೊಳಗೆ ನಮ್ಮ ವಿಭಾಗದ ಪ್ರತಿ ಮನೆಯಲ್ಲೂ ಒಂದು ತೆನೆಗೊಂಚಲು, ಒಂದು ಕರಿಬೇವಿನ ಕುಂಡ ಇರಲಿ ಎಂದು ಕೇಳಿಕೊಳ್ಳುತ್ತೇನೆ. ಗುಬ್ಬಚ್ಚಿ ಬಂದರೆ ನಮ್ಮ ವಾಟ್ಸಾಪ್ ಗುಂಪಿಗೆ ತಿಳಿಸಿ. ಬರದಿದ್ದರೂ ಕರಿಬೇವು ಒಗ್ಗರಣೆಗಂತೂ ಇದ್ದೇ ಇದೆ.